ಗೇಮಿಂಗ್ ಪಿಸಿ ಕೊಳ್ಳೋ ಮುಂಚೆ ಪಕ್ಕದ ಗಾಜು ತೆಗೆಸಿ

ನಾಗಪುರದ ಸದರ್‌ನಲ್ಲಿ ಲಕ್ಷಗಟ್ಟಲೆ ಕೊಟ್ಟು ವಾಟರ್ ಕೂಲಿಂಗ್ ಇರೋ ರೆಡಿಮೇಡ್ ಗೇಮಿಂಗ್ ಪಿಸಿ ತಗೊಳ್ತಿದ್ದೀರಾ? ಬಣ್ಣದ ಲೈಟು ಆಮೇಲೆ ನೋಡೋಣ. ಮೊದಲು ಪಕ್ಕದ ಗಾಜು ತೆಗೆಸಿ.

ರೇಡಿಯೇಟರ್ ಮೇಲ್ಭಾಗದಲ್ಲಿದ್ದರೆ ಒಳ್ಳೇದು. ಕೊಳವೆಯೊಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತೆ, ಅದು ಎತ್ತರದ ಜಾಗಕ್ಕೇ ಏರುತ್ತೆ. ಪಂಪೇ ಎಲ್ಲಕ್ಕಿಂತ ಮೇಲಿದ್ದರೆ ಗಾಳಿ ಅಲ್ಲಿ ಸಿಕ್ಕಿಕೊಂಡು ಗೊರಗೊರ ಸದ್ದು, ಪಂಪಿನ ಆಯಸ್ಸೂ ಕಡಿಮೆ. ಇಷ್ಟು ದುಡ್ಡು ತಗೊಂಡು ರೇಡಿಯೇಟರನ್ನ ತಳದಲ್ಲಿ ಕೂರಿಸಿದವರ ಕೆಲಸವನ್ನ ನಾನಂತೂ ನಂಬಲ್ಲ.

ಮುಂದೆ ಗ್ರಾಫಿಕ್ಸ್ ಕಾರ್ಡಿನ ಕೇಬಲ್. 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಅದರ 16 ಪಿನ್ ಕನೆಕ್ಟರ್ ಕೆಲವರಲ್ಲಿ ಕರಗಿತ್ತು. ಪ್ಲಗ್ ಪೂರ್ತಿ ಕೂತಿರದೇ ಇದ್ದದ್ದು ಮುಖ್ಯ ಕಾರಣ ಅಂತ ಎನ್‌ವಿಡಿಯಾ ಹೇಳಿತು. ಸಂದಿ ಕಾಣಬಾರದು, ಬುಡದಲ್ಲೇ ತಂತಿ ಬಗ್ಗಿರಬಾರದು.

ಈಗ ಅಸಲು ಪರೀಕ್ಷೆ. ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತೆ. ವಾಟರ್ ಕೂಲಿಂಗ್ ಅಂದರೆ ಎಸಿ ಅಲ್ಲ. ಒಳಗಿನ ದ್ರವ ಕೋಣೆಯ ಗಾಳಿಗಿಂತ ತಂಪಾಗೋಕೆ ಸಾಧ್ಯವೇ ಇಲ್ಲ. ಎಸಿ ಅಂಗಡಿಯ ಐದು ನಿಮಿಷದ ಡೆಮೋಗೆ ಒಪ್ಪಬೇಡಿ, ಆ ದ್ರವ ಬಿಸಿಯಾಗೋಕೇ ಹೊತ್ತು ಬೇಕು. ಅರ್ಧ ಗಂಟೆ ಸಿಪಿಯು, ಜಿಪಿಯು ಎರಡಕ್ಕೂ ಒಟ್ಟಿಗೆ ಲೋಡ್ ಕೊಡಿಸಿ. 24 ಡಿಗ್ರಿಯ ಅಂಗಡಿಯಲ್ಲಿ ಸಿಪಿಯು 80 ತೋರಿಸಿದರೆ, 38 ಡಿಗ್ರಿಯ ನಿಮ್ಮ ಕೋಣೆಯಲ್ಲಿ ಹೆಚ್ಚುಕಡಿಮೆ 94. ಹಲವು ಪ್ರೊಸೆಸರ್‌ಗಳು ಆ ಮಟ್ಟದಲ್ಲಿ ತಾವೇ ವೇಗ ತಗ್ಗಿಸ್ತವೆ.

ಬಿಲ್ಲಿನಲ್ಲಿ ಪವರ್ ಸಪ್ಲೈ ಕಂಪನಿ, ಮಾಡೆಲ್ ಬರೆಸಿ. ದ್ರವ ಸೋರಿ ಬೇರೆ ಭಾಗ ಹಾಳಾದರೆ ಯಾರು ಭರಿಸ್ತಾರೆ ಅನ್ನೋದನ್ನೂ ಬರವಣಿಗೆಯಲ್ಲೇ ತಗೊಳ್ಳಿ.