ಹದ ಬಂದ ದಿನ ಕೂರಿಗೆ ಯಾರಿಗೆ?

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಸುತ್ತಲೂ ಎರೆ ಹೊಲ. ಮಳೆಯಾದ ಮರುದಿನ ಕಾಲಿಟ್ಟರೆ ಮಣ್ಣು ಅಂಗಾಲಿಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ, ಎತ್ತು ಇಳಿಸಲು ಬರುವುದಿಲ್ಲ. ಬಿಸಿಲು ಹೆಚ್ಚಾದರೆ ಅದೇ ನೆಲ ಬಿರುಕು ಬಿಡುತ್ತದೆ. ನಡುವೆ ಸಿಗುವ ಹದದಲ್ಲೇ ಹೆಸರು, ಶೇಂಗಾ ಬಿತ್ತಬೇಕು. ಎತ್ತು, ಕೂರಿಗೆ, ಆಳುಗಳನ್ನು ಮುಯ್ಯಿಯ ಮೇಲೆ ಹಂಚಿಕೊಳ್ಳುವುದು ಈ ಸೀಮೆಯ ಹಳೆಯ ರೂಢಿ. ತೊಡಕು ಒಂದೇ: ಹದ ಎಲ್ಲರ ಹೊಲಕ್ಕೂ ಒಟ್ಟಿಗೇ ಬರುತ್ತದೆ.

ಕ್ಲೌಡ್ ಡೇಟಾಬೇಸ್ ನಡೆಸುವವರನ್ನು ಕಾಡುವುದೂ ಇದೇ ತೊಡಕು.

ಇಲ್ಲಿಯವರು ಉತಾರ ಎನ್ನುವ ಪಹಣಿಯನ್ನೇ ನೋಡೋಣ. ‘ಭೂಮಿ’ ಯೋಜನೆ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದಾಗ ತಾಲ್ಲೂಕು ಕಚೇರಿಗಳಲ್ಲೇ ಸರ್ವರ್ ಇದ್ದವು. ಬಿತ್ತನೆ, ಬೆಳೆಸಾಲ, ಬೆಳೆವಿಮೆಯ ದಿನಗಳಲ್ಲಿ ಅವಕ್ಕೆ ಬಿಡುವಿರುತ್ತಿರಲಿಲ್ಲ, ಉಳಿದಂತೆ ಕೆಲಸ ಕಡಿಮೆ. ಆಮೇಲೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು.

ಆ ತಾಲ್ಲೂಕು ಸರ್ವರುಗಳಂತೆ ಆಗೊಮ್ಮೆ ಈಗೊಮ್ಮೆ ದುಡಿಯುವ ಡೇಟಾಬೇಸ್‌ಗಳಿಗೆಂದೇ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್ 2016ರಲ್ಲಿ ‘ಎಲಾಸ್ಟಿಕ್ ಪೂಲ್’ ಸೌಲಭ್ಯವನ್ನು ಎಲ್ಲರ ಬಳಕೆಗೆ ತೆರೆಯಿತು. ಪ್ರತಿ ಡೇಟಾಬೇಸಿಗೂ ಬೇರೆ ಬೇರೆ ಶಕ್ತಿ ಕೊಳ್ಳುವ ಬದಲು ಎಲ್ಲಕ್ಕೂ ಸೇರಿ ಒಂದು ದಾಸ್ತಾನು ಕೊಂಡರಾಯಿತು, ಬೇಕಾದ ಡೇಟಾಬೇಸ್ ಬೇಕಾದಾಗ ಅದರಿಂದ ಎಳೆದುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. 20 ತಾಲ್ಲೂಕುಗಳಿಗೆ ಒಂದೊಂದು ಡೇಟಾಬೇಸ್ ಇದೆ ಎನ್ನಿ. ಸರಾಸರಿ ಬಳಕೆ 5 ಘಟಕ ಶಕ್ತಿ, ಸಂತೆಯಂಥ ಗದ್ದಲದ ದಿನ 50. ಬೇರೆ ಬೇರೆ ಕೊಂಡರೆ 1,000 ಘಟಕ ಬೇಕು. ಪೂಲಿನ ಗಾತ್ರಕ್ಕೆ ಎರಡು ಅಂಕಿ ಹೋಲಿಸಬೇಕು: ಎಲ್ಲರ ಸರಾಸರಿಯ ಮೊತ್ತ, ಮತ್ತು ಒಟ್ಟಿಗೇ ಏರುವವರ ಗರಿಷ್ಠದ ಮೊತ್ತ. ಮೊದಲನೆಯದು 100. ಏಕಕಾಲಕ್ಕೆ ಏರುವವರು ನಾಲ್ವರಾದರೆ ಎರಡನೆಯದು 200. ದೊಡ್ಡದನ್ನು ಹಿಡಿಯಬೇಕು. ಪೂಲಿನ ಘಟಕಕ್ಕೆ ಒಂದೂವರೆ ಪಟ್ಟು ಬೆಲೆ ಕೊಟ್ಟರೂ ಖರ್ಚು 300ಕ್ಕೆ ಸಮ. ಸಾವಿರದ ಮುಂದೆ ಇದು ದೊಡ್ಡ ಉಳಿತಾಯವೇ.

ಆದರೆ ವಿಮೆಯ ಕೊನೆಯ ದಿನ 15 ತಾಲ್ಲೂಕು ಒಟ್ಟಿಗೇ ಮುಗಿಬಿದ್ದರೆ? 750 ಘಟಕ, ಬೆಲೆ 1,125ಕ್ಕೆ ಸಮ. ಹಂಚಿಕೊಂಡದ್ದೇ ದುಬಾರಿ! ಆದ್ದರಿಂದ ಕುಂದಗೋಳದ ಜೊತೆಗೆ ನವಲಗುಂದ, ಅಣ್ಣಿಗೇರಿಯನ್ನು ಕೂಡಿಸುವುದಕ್ಕಿಂತ ಅಡಿಕೆಯ ಪುತ್ತೂರು, ಕಾಫಿಯ ಸೋಮವಾರಪೇಟೆಯನ್ನು ಕೂಡಿಸುವುದು ಜಾಣತನ. ಬೆಳೆ ಬೇರೆ, ಗಡಿಬಿಡಿಯ ತಿಂಗಳೂ ಬೇರೆ. ನೆರೆಹೊರೆ ಎಂಬ ಕಾರಣಕ್ಕೆ ಒಂದೇ ಪೂಲಿಗೆ ಹಾಕುವ ಅಭ್ಯಾಸವನ್ನು ಬಿಡಲೇಬೇಕು.

ಪೂಲ್ ಕಟ್ಟಿದ ಮೇಲೂ ಕಣ್ಣಿಟ್ಟಿರಬೇಕು. ಪ್ರತಿ ಡೇಟಾಬೇಸಿಗೂ ಕನಿಷ್ಠ, ಗರಿಷ್ಠ ಮಿತಿಗಳಿವೆ. ಗರಿಷ್ಠವನ್ನು ಸಡಿಲ ಬಿಟ್ಟರೆ ಒಬ್ಬನೇ ಕೆರೆಯೆಲ್ಲ ಬರಿದು ಮಾಡಿ ಉಳಿದವರನ್ನು ಕಾಯಿಸುತ್ತಾನೆ. ಕನಿಷ್ಠವನ್ನು ಹೆಚ್ಚಿಸಿದರೆ ಅಷ್ಟೂ ಮೀಸಲಾಗುತ್ತದೆ: 200ರ ಪೂಲಿನಲ್ಲಿ 20 ಡೇಟಾಬೇಸಿಗೂ ಕನಿಷ್ಠ 10 ಎಂದು ಬರೆದರೆ ಹಂಚಿಕೊಳ್ಳಲು ಏನೂ ಉಳಿಯದು. ಶೇಖರಣಾ ಜಾಗವನ್ನೂ ಮರೆಯಬಾರದು. ಅದು ತುಂಬಿತೆಂದರೆ ಪೂಲಿನ ಎಲ್ಲ ಡೇಟಾಬೇಸ್‌ಗಳೂ ಓದಲಷ್ಟೇ ಸಿಗುತ್ತವೆ, ಹೊಸದಾಗಿ ಒಂದು ಹೆಸರನ್ನೂ ಸೇರಿಸಲಾಗದು.

ಗದ್ದಲದ ದಿನಕ್ಕೆ ಪೂಲನ್ನು ಹಿಗ್ಗಿಸಿ, ಆಮೇಲೆ ಕುಗ್ಗಿಸಬಹುದು. ಹಿಗ್ಗಿಸುವಾಗ ಕೊನೆಯಲ್ಲಿ ಸಂಪರ್ಕ ಕೆಲ ಕ್ಷಣ ಕಡಿಯುತ್ತದೆ. ಕೌಂಟರಿನ ಮುಂದೆ ನಿಂತ ರೈತನ ಅರ್ಜಿ ಅರ್ಧಕ್ಕೇ ನಿಲ್ಲದಂತೆ ಆ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿಡಬೇಕು.