ಬಂದೂಕಿನ ಸ್ಕ್ರೂಗೆ ತಕ್ಕ ಸ್ಕ್ರೂಡ್ರೈವರ್

ಬಂದೂಕಿನ ಸ್ಕ್ರೂ ತಲೆಯ ಸೀಳು ಕಿರಿದು, ಅದರ ಗೋಡೆಗಳು ನೇರ. ಮನೆಬಳಕೆಯ ಸ್ಕ್ರೂಡ್ರೈವರ್‌ನ ತುದಿಯಾದರೋ ಬೆಣೆಯಂತೆ ಓರೆ; ಅದು ಸೀಳಿನ ಮೇಲಂಚನ್ನಷ್ಟೇ ಮುಟ್ಟುತ್ತದೆ. ಬಲ ಹಾಕಿದೊಡನೆ ಜಾರಿ, ಸೀಳನ್ನು ಹರಿದು, ಪಕ್ಕದ ಲೋಹದ ಮೇಲೂ ಗೀರೆಳೆಯುತ್ತದೆ. ಹಳೆಯ ಜೋಡುನಳಿಗೆಯ ಕೋವಿಯಲ್ಲಿ ಇಂಥ ಗಾಯ ಕಾಣುವುದು ನಿಜಕ್ಕೂ ನೋವಿನ ಸಂಗತಿ. ತುದಿಯ ಎರಡೂ ಮುಖಗಳು ಸಮಾನಾಂತರವಾಗಿರುವಂತೆ ಸಾಣೆ ಹಿಡಿದ, ಗಟ್ಟಿ ಉಕ್ಕಿನ ಬಿಟ್‌ಗಳೇ ಇದಕ್ಕೆ ಸರಿ. ಬಿಟ್ ಸೀಳಿನ ಅಗಲವನ್ನೂ ಉದ್ದವನ್ನೂ ತುಂಬಬೇಕು. ಅಲುಗಾಡಿದರೆ ಬೇರೆ ಅಳತೆಯದನ್ನು ಹಾಕಬೇಕು.

ರೈಫಲ್‌ಗೆ ಸ್ಕೋಪ್ ಕೂರಿಸುವ ಉಂಗುರಗಳಿಗೆ, ನಿಗದಿತ ಬಿಗಿಗೆ ತಿರುಗಿಸುವ ಟಾರ್ಕ್ ಡ್ರೈವರ್ ಬೇಕು. ಅವುಗಳ ಸ್ಕ್ರೂಗಳಿಗೆ ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಹೆಚ್ಚಾದರೆ ಸ್ಕೋಪಿನ ಕೊಳವೆ ನಜ್ಜಾಗುತ್ತದೆ, ಕಡಿಮೆಯಾದರೆ ಗುಂಡು ಹಾರಿದ ಒದೆತಕ್ಕೆ ಜಾರುತ್ತದೆ. ನಿಖರ ಅಂಕಿಗೆ ತಯಾರಕರ ಕೈಪಿಡಿಯೇ ಆಧಾರ. ಯಾವ ಸ್ಕ್ರೂ ಮುಟ್ಟುವ ಮೊದಲೂ ಬಂದೂಕಿನಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.