ಮನೆಯಂಗಳದ ಪಾಠ: ಮಳೆಯ ಲೆಕ್ಕ, ಮತದ ಶಾಯಿ

ಮಕ್ಕಳನ್ನು ಶಾಲೆಗೆ ಸೇರಿಸದೆ ತಂದೆತಾಯಿಯರೇ ಕಲಿಸುವ ಕ್ರಮವನ್ನು ಹೋಂಸ್ಕೂಲಿಂಗ್ ಅಥವಾ ಮನೆಶಿಕ್ಷಣ ಎನ್ನುತ್ತಾರೆ. ಹೀಗೆ ಕಲಿತವರು 14 ವರ್ಷ ತುಂಬಿದ ಮೇಲೆ, 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಶಾಲೆಯ ವೇಳಾಪಟ್ಟಿಯನ್ನೇ ಮನೆಯ ಗೋಡೆಗೆ ಅಂಟಿಸುವುದಕ್ಕಿಂತ ಋತುಮಾನವನ್ನು ಪಠ್ಯವಾಗಿ ಹಿಡಿಯುವುದು ಎಷ್ಟೋ ಮೇಲು. ಮುಂಗಾರಿನಲ್ಲಿ ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಅಂಗಳದಲ್ಲಿಟ್ಟು, ಮರುದಿನ ಬೆಳಿಗ್ಗೆ ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದರೆ ಅದೇ ಮಳೆಮಾಪಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುವುದರಿಂದ, 100 ಚದರ ಮೀಟರಿನ ತಾರಸಿಯ ಮೇಲೆ 10 ಮಿಲಿಮೀಟರ್ ಸುರಿದಾಗ 1000 ಲೀಟರ್ ಬೀಳುತ್ತದೆಂದು ಮಗುವೇ ಗುಣಿಸಿ ಕಂಡುಕೊಳ್ಳುತ್ತದೆ. ಅಷ್ಟೂ ಚರಂಡಿಗೆ ಹೋಗುವುದೇಕೆಂದು ಅದು ಕೇಳಿದರೆ ದೊಡ್ಡವರು ತಡವರಿಸುವುದೂ ಉಂಟು. ಹಳ್ಳಿಗಳಲ್ಲಿ ಆ ಪ್ರಶ್ನೆಯನ್ನು ಗ್ರಾಮಸಭೆಗೆ, ಅಂದರೆ ಮತದಾರರೆಲ್ಲ ಸೇರಿ ಪಂಚಾಯಿತಿಯ ಕೆಲಸಗಳನ್ನು ಚರ್ಚಿಸುವ ಸಭೆಗೆ, ಒಯ್ಯಬಹುದು. ಚುನಾವಣೆ ಬಂದಾಗ ಅಜ್ಜಿಯ ತೋರುಬೆರಳೇ ಪಾಠವಾಗುತ್ತದೆ: 1937ರಲ್ಲಿ ಆರಂಭವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಒದಗಿಸುತ್ತಿರುವ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುವುದರಿಂದ ಅದು ಬೆಳಕಿಗೆ ಕಪ್ಪಾಗುತ್ತದೆ, ಉಗುರಿಗೆ ಹತ್ತಿದ್ದು ಉಗುರು ಬೆಳೆದೇ ಹೋಗಬೇಕಾದ್ದರಿಂದ, ಗುರುತು ವಾರಕ್ಕೆಷ್ಟು ಸರಿಯಿತೆಂದು ಅಳೆಯಲು ಮಕ್ಕಳಿಗೆ ಬೇಕಾದಷ್ಟು ಸಮಯ ಸಿಗುತ್ತದೆ.